ವಯಸ್ಸಾದ ಮೇಲೂ ನೆನಪು ಗಟ್ಟಿಯಾಗಿರಲಿ: ಕಲಬುರಗಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಹಿರಿಯರ ಜೊತೆ, ಅವರ ಮಕ್ಕಳು ಸೊಸೆಯಂದಿರ ಜೊತೆ ಮಾತಿಗೆ ಕೂತಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಪತ್ರದಲ್ಲಿ ಬಂದ ಕೆಲವನ್ನೂ ಸೇರಿಸಿದ್ದೇನೆ. ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

ಮೊದಲೇ ಒಂದು ಮಾತು. ನಮ್ಮ ಕಡೆ ಹಿರಿಯರು ಏನಾದರೂ ಮರೆತರೆ "ವಯಸ್ಸಾಯ್ತು ಬಿಡ್ರಿ" ಅಂದು ಸುಮ್ಮನಾಗುತ್ತೇವೆ. ಆ ಮಾತು ನನಗೆ ಸೇರುವುದಿಲ್ಲ. ಕಿವಿ ಮಂದ ಆಗಿರುವುದು, ಬಿ12 ಎಂಬ ವಿಟಮಿನ್ ಕಡಿಮೆ ಇರುವುದು, ಬೇಡದ ಗುಳಿಗೆ ನುಂಗುತ್ತಿರುವುದು, ಮನಸ್ಸು ಕುಗ್ಗಿರುವುದು, ಹೀಗೆ ಸರಿ ಮಾಡಬಹುದಾದ ಎಷ್ಟೋ ಕಾರಣಗಳು ಆ ಒಂದು ಮಾತಿನ ಕೆಳಗೆ ಮುಚ್ಚಿ ಹೋಗುತ್ತವೆ.

## ಮೊದಲು ತಿಳಿಯಬೇಕಾದದ್ದು

ಅರವತ್ತು ದಾಟ್ಯದ. ಮಂದಿ ಹೆಸರು ಮರೀತೀನಿ, ಚಾವಿ ಎಲ್ಲಿಟ್ಟೀನಿ ಗೊತ್ತಾಗಂಗಿಲ್ಲ. ಇದು ರೋಗ ಏನ್ರಿ?

ಬಹಳ ಮಟ್ಟಿಗೆ ಅಲ್ಲ. ವಯಸ್ಸಾದಂತೆ ಮೆದುಳಿಗೆ ಹುಡುಕಲು ಹೊತ್ತು ಹಿಡಿಯುತ್ತದೆ. ಬೀಗರ ಊರಿನ ಹೆಸರು ನಾಲಿಗೆ ತುದಿಯಲ್ಲೇ ನಿಲ್ಲುತ್ತದೆ, ಸಂಜೆ ತಾನಾಗಿ ಹೊಳೆಯುತ್ತದೆ. ಟಿವಿ ನೋಡುತ್ತಾ ಚಾವಿ ಇಟ್ಟರೆ ಇಟ್ಟ ಜಾಗಕ್ಕೆ ಗಮನವೇ ಇರುವುದಿಲ್ಲ. ಗಮನ ಇಲ್ಲದೆ ಮಾಡಿದ ಕೆಲಸ ನೆನಪಿನಲ್ಲಿ ಉಳಿಯುವುದೂ ಇಲ್ಲ.

ನಮ್ಮ ಊರಿನ ಸೂಪರ್ ಮಾರ್ಕೆಟ್ ಬಜಾರಕ್ಕೆ ಹೋಗಿ ನಾಲ್ಕು ಸಾಮಾನಿನಲ್ಲಿ ಒಂದನ್ನು ಮರೆತು ಬಂದರೆ ಚಿಂತೆ ಬೇಡ. ಮೂವತ್ತು ವರ್ಷ ಓಡಾಡಿದ ಸೂಪರ್ ಮಾರ್ಕೆಟ್‌ನಲ್ಲಿ ಮನೆ ದಾರಿ ಯಾವುದು ಅಂತ ತಿಳಿಯದೆ ನಿಂತರೆ ತೋರಿಸಬೇಕು. ಒಂದೇ ಪ್ರಶ್ನೆಯನ್ನು ಹತ್ತು ನಿಮಿಷಕ್ಕೊಮ್ಮೆ ಕೇಳುವುದು, ಹಾಲಿನವನಿಗೆ ಒಂದೇ ತಿಂಗಳಲ್ಲಿ ಎರಡು ಸಲ ದುಡ್ಡು ಕೊಡುವುದು, ದಿನಾ ಮಾಡುವ ಅಡಿಗೆಯಲ್ಲಿ ಮುಂದೇನು ಹಾಕಬೇಕು ಅಂತ ತೋಚದಿರುವುದು, ಇವೂ ತೋರಿಸಬೇಕಾದ ಲಕ್ಷಣಗಳೇ. ತನಗೆ ಮರೆವು ಇದೆ ಅಂತ ತಾನೇ ಹೇಳಿಕೊಳ್ಳುವವರಿಗಿಂತ, ಮನೆಯವರು ಗಮನಿಸಿ ತಾನು ಒಪ್ಪದೇ ಇರುವವರ ಬಗ್ಗೆ ನನಗೆ ಜಾಸ್ತಿ ಆತಂಕ.

ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಡಿಮೆನ್ಶಿಯಾ, ಅಂದರೆ ದಿನದ ಬದುಕಿಗೇ ಅಡ್ಡ ಬರುವಷ್ಟು ಮರೆವು ಇದೆ ಅಂತ ದೇಶವ್ಯಾಪಿ ಸಮೀಕ್ಷೆಯ ಅಂದಾಜು. ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇಲ್ಲ ಅನ್ನುವುದನ್ನೂ ನೆನಪಿಡಿ.

ನಮ್ಮ ಆಯಿಗಿ ರಜಾಕಾರರ ಗದ್ದಲ ಎಲ್ಲಾ ನೆನಪದ, ಮುಂಜಾನೆ ಏನ್ ಉಂಡೀನಿ ಅಂಬೋದು ನೆನಪಿಲ್ಲ. ಇದ್ಹ್ಯಾಂಗ?

ಹೊಸ ನೆನಪನ್ನು ಹಿಡಿದಿಡುವ ಕೆಲಸ ಮೆದುಳಿನ ಒಳಗಿರುವ ಹಿಪ್ಪೋಕ್ಯಾಂಪಸ್ ಎಂಬ ಚಿಕ್ಕ ಭಾಗದ್ದು. ಡಿಮೆನ್ಶಿಯಾಕ್ಕೆ ಬಹಳ ಸಾಮಾನ್ಯ ಕಾರಣವಾದ ಆಲ್ಜೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಆ ಭಾಗಕ್ಕೆ. ನಿಜಾಮರ ಆಳ್ವಿಕೆಯ ಕೊನೆಯಲ್ಲಿ ರಜಾಕಾರ ಪಡೆ ಎಬ್ಬಿಸಿದ 1948ರ ಗದ್ದಲವನ್ನು ಆಯಿ ಎಷ್ಟೋ ಸಲ ಹೇಳಿದ್ದಾರೆ, ಭಯಪಟ್ಟಿದ್ದಾರೆ, ಅತ್ತಿದ್ದಾರೆ. ಅಂಥ ನೆನಪು ಮೆದುಳಿನ ಬೇರೆ ಬೇರೆ ಕಡೆ ಬೇರು ಬಿಟ್ಟಿರುತ್ತದೆ. ಮುಂಜಾನೆಯ ಸುಸಲಾ ಅಲ್ಲಿವರೆಗೂ ಹೋಗುವುದೇ ಇಲ್ಲ.

ಕೈಯ ನೆನಪು ಇನ್ನೂ ಬೇರೆ. ಮೊಮ್ಮಗಳ ಹೆಸರು ತಪ್ಪುವ ಅಜ್ಜಿಯ ಮುಂದೆ ನಾದಿದ ಜೋಳದ ಹಿಟ್ಟು ಇಡಿ. ಅಂಗೈ ಒದ್ದೆ ಮಾಡಿಕೊಂಡು, ಹಿಟ್ಟು ತಿರುಗಿಸುತ್ತಾ, ಅಂಚು ಒಡೆಯದ ಹಾಗೆ ರೊಟ್ಟಿ ಬಡಿಯುತ್ತಾರೆ. ಎಷ್ಟು ತೆಳ್ಳಗಾದಾಗ ನಿಲ್ಲಿಸಬೇಕು ಅಂತ ಬೆರಳಿಗೇ ಗೊತ್ತಿರುತ್ತದೆ. ಅಭ್ಯಾಸದಿಂದ ಕೂತ ಈ ಕೌಶಲ ಮೆದುಳಿನ ಬೇರೆ ಭಾಗಗಳಲ್ಲಿ ಇರುತ್ತದೆ, ಬಹಳ ತಡವಾಗಿ ಕೆಡುತ್ತದೆ.

ಹಾಗಾಗಿ "ಹಳೇದೆಲ್ಲಾ ನೆನಪದಲ್ಲ, ಏನೂ ಆಗಿಲ್ಲ" ಅಂತ ತಿಳಿಯಬೇಡಿ. ಇತ್ತೀಚಿನದು ಮತ್ತೆ ಮತ್ತೆ ಜಾರುತ್ತಿದ್ದರೆ ಪರೀಕ್ಷೆ ಮಾಡಿಸಿ.

ನಮ್ಮಪ್ಪಗ ಮರೆವಿನ ಕಾಯಿಲಿ ಇತ್ತು. ನನಗೂ ಬರ್ತದೇನು?

ಬಂದೇ ಬರುತ್ತದೆ ಅಂತಿಲ್ಲ. ಅಪ್ಪ ಅವ್ವರಿಗೆ ಇದ್ದರೆ ಅಪಾಯ ಸ್ವಲ್ಪ ಹೆಚ್ಚು, ಅಷ್ಟೇ. 40–50ರಲ್ಲೇ ಶುರುವಾಗಿ ತಲೆಮಾರಿನಿಂದ ತಲೆಮಾರಿಗೆ ನೇರವಾಗಿ ಇಳಿಯುವ ಬಗೆ ಬಹಳ ವಿರಳ. ಅಪ್ಪನಿಗೆ ಇದ್ದದ್ದು ಪಾರ್ಶ್ವವಾಯುವಿನ ನಂತರ ಬಂದ ಮರೆವು ಆಗಿದ್ದರೆ ನೀವು ಕಾಯಬೇಕಾದದ್ದು ಬಿಪಿಯನ್ನು.

## ದಿನದ ಬದುಕಿನಲ್ಲಿ

ಸುತ್ತಿ ಬಳಸಿ ಹೇಳಬ್ಯಾಡ್ರಿ. ನೆನಪು ಗಟ್ಟಿ ಉಳೀಬೇಕಂದ್ರ ಏನ್ ಮಾಡಬೇಕು?

ಬಿಪಿ, ಶುಗರ್ ಹತೋಟಿಯಲ್ಲಿಡಿ. ದಿನಾ ನಡೆಯಿರಿ. ಕಿವಿ, ಕಣ್ಣು ಸರಿ ಮಾಡಿಸಿಕೊಳ್ಳಿ. ತಂಬಾಕು ಬಿಡಿ. ಜನರ ನಡುವೆ ಇರಿ.

ಕಾರಣ ಹೇಳುತ್ತೇನೆ. ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ 2 ಅಷ್ಟೇ. ಆದರೆ ಹೃದಯ ದೂಡುವ ರಕ್ತದಲ್ಲಿ ನೂರಕ್ಕೆ ಸುಮಾರು 15 ಪಾಲು ಅದಕ್ಕೇ ಬೇಕು. ಬಿಪಿ, ಶುಗರ್ ವರ್ಷಗಟ್ಟಲೆ ಹೆಚ್ಚಿದ್ದರೆ ಮೆದುಳಿನ ಕೂದಲಿನಂಥ ರಕ್ತನಾಳಗಳು ಸದ್ದಿಲ್ಲದೆ ಕೆಡುತ್ತವೆ. ಪಾರ್ಶ್ವವಾಯು ಹೊಡೆಯದೆಯೂ ಒಳಗೆ ಹಾನಿ ಆಗುತ್ತಿರುತ್ತದೆ.

2024ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯ ಆಯೋಗ, ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್, ಬೊಜ್ಜು, ಧೂಮಪಾನ, ಕುಡಿತ, ಕೂತೇ ಇರುವುದು, ಕಿವುಡು, ಕಣ್ಣಿನ ತೊಂದರೆ, ಖಿನ್ನತೆ, ಒಂಟಿತನ, ತಲೆಗೆ ಪೆಟ್ಟು, ಹೊಗೆ ಧೂಳಿನ ಗಾಳಿ, ಚಿಕ್ಕಂದಿನಲ್ಲಿ ಓದು ಸಿಗದಿರುವುದು. ಇವೆಲ್ಲವನ್ನೂ ತಡೆದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ನೂರಕ್ಕೆ 45ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಅನ್ನುವುದು ಅವರ ಅಂದಾಜು. ಒಬ್ಬ ವ್ಯಕ್ತಿಗೆ ಇದು ಖಾತ್ರಿಯಲ್ಲ. ಆದರೂ ಅರ್ಧದ ಹತ್ತಿರ ನಮ್ಮ ಕೈಯಲ್ಲಿದೆ ಅಂದರೆ ಸಣ್ಣ ಮಾತಲ್ಲ.

ಇನ್ನೊಂದು ಮುಖ್ಯ ವಿಷಯ. 40ರಿಂದ 60ರ ನಡುವಿನ ಬಿಪಿ ಮುಂದಿನ ಮರೆವಿಗೆ ದಾರಿ ಮಾಡುತ್ತದೆ. ಅಪ್ಪಾರನ್ನು ತೋರಿಸಲು ದವಾಖಾನಿಗೆ ಕರೆತಂದ ಮಗ, ಸೊಸೆ ಅಲ್ಲೇ ತಮ್ಮ ಬಿಪಿಯನ್ನೂ ನೋಡಿಸಿಕೊಳ್ಳಿ. ಬೈಕ್ ಹತ್ತುವಾಗ ಹೆಲ್ಮೆಟ್ ಹಾಕಿ. ತಲೆಗೆ ಬಿದ್ದ ಪೆಟ್ಟಿನ ಲೆಕ್ಕ ಮೆದುಳು ಇಟ್ಟುಕೊಂಡಿರುತ್ತದೆ.

ಮೊಣಕಾಲ್ ಬ್ಯಾನಿ ಅದ. ಬ್ಯಾಸಿಗ್ಯಾಗ ನಮ್ಮಲ್ಲಿ 43 ಡಿಗ್ರಿ. ವಾಕಿಂಗ್ ಎಲ್ಲಿಂದ ಮಾಡ್ಲಿ?

ಬಿಸಿಲು ಏರುವ ಮೊದಲು ಮುಗಿಸಿ. ಏಪ್ರಿಲ್, ಮೇನಲ್ಲಿ ಆರು ಗಂಟೆಗೆ ಮೊದಲೇ ಪಬ್ಲಿಕ್ ಗಾರ್ಡನ್‌ನಲ್ಲೋ ಅಪ್ಪನ ಕೆರೆ ದಂಡೆಯಲ್ಲೋ ಇದ್ದರೆ ಏಳಕ್ಕೆ ಮನೆ ಸೇರಬಹುದು. ಅದೂ ಆಗದಿದ್ದರೆ ಸಂಜೆ ಮಾಳಿಗೆ ಮೇಲೆ, ಇಲ್ಲಾ ಮನೆಯೊಳಗೆ ಪಡಸಾಲೆಯಿಂದ ಅಡಿಗೆ ಮನೆಗೆ. ವಾರಕ್ಕೆ 150 ನಿಮಿಷ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದನ್ನು ಹತ್ತು ಹತ್ತು ನಿಮಿಷವಾಗಿ ಒಡೆದುಕೊಂಡರೂ ನಡೆಯುತ್ತದೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಚುರುಕಾದ ನಡಿಗೆ ಸಾಕು.

ಮೊಣಕಾಲು ನೋಯುವವರು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಕ್ಕೆ ಹತ್ತು ಸಲ ಮಾಡಿ. ತೊಡೆ ಗಟ್ಟಿಯಾದಂತೆ ಮೊಣಕಾಲಿನ ಭಾರ ಇಳಿಯುತ್ತದೆ, ಬೀಳುವುದೂ ಕಡಿಮೆಯಾಗುತ್ತದೆ. ನುಣುಪಾದ ಶಹಾಬಾದ್ ಪರಸಿ ಹಾಸಿದ ಮನೆಗಳಲ್ಲಿ ನೀರು ಚೆಲ್ಲಿದರೆ ತಕ್ಷಣ ಒರೆಸಿ.

ನಡಿಗೆಯಿಂದ ಮೆದುಳಿಗೇನು ಲಾಭ ಅಂತ ಕೇಳುವವರಿಗೆ: 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ದಿನ 40 ನಿಮಿಷದವರೆಗೆ ನಡೆಯಿತು, ಇನ್ನೊಂದು ಮೈ ಎಳೆಯುವ ವ್ಯಾಯಾಮವನ್ನಷ್ಟೇ ಮಾಡಿತು. ವರ್ಷದ ಕೊನೆಗೆ ನಡೆದವರ ಹಿಪ್ಪೋಕ್ಯಾಂಪಸ್ ಸುಮಾರು ನೂರಕ್ಕೆ 2ರಷ್ಟು ಬೆಳೆದಿತ್ತು. ಉಳಿದವರದ್ದು ವಯಸ್ಸಿಗೆ ತಕ್ಕಂತೆ ಕುಗ್ಗಿತ್ತು.

ಬದಾಮಿ ನೆನಸಿ ತಿಂದ್ರ, ತಲಿಗಿ ಬ್ರಾಹ್ಮಿ ಎಣ್ಣಿ ಹಚ್ಚಿದ್ರ ನೆನಪು ಬರ್ತದೇನ್ರಿ?

ಬದಾಮಿ ಒಳ್ಳೆಯ ತಿನಿಸು, ಆದರೆ ನೆನಪಿಗೆ ಅಂತಲೇ ದುಬಾರಿ ಬೆಲೆ ಕೊಡಬೇಕಿಲ್ಲ. ಬ್ರಾಹ್ಮಿಯಿಂದ ನೆನಪಿಗೆ ಸ್ವಲ್ಪ ಗುಣ ಅಂತ ಕೆಲವು ಚಿಕ್ಕ ಅಧ್ಯಯನಗಳಲ್ಲಿ ಕಂಡಿದೆ, ಡಿಮೆನ್ಶಿಯಾ ತಡೆಯುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ತಲೆಗೆ ಹಚ್ಚಿದ ಎಣ್ಣೆ ಹಿತವಾಗಿರುತ್ತದೆ, ನಿದ್ದೆ ಬರಬಹುದು, ಅಷ್ಟೇ. ಗಿಂಕ್ಗೊ ಎಂಬ ಗಿಡದ ಗುಳಿಗೆಯನ್ನು ಮೂರು ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಹೇಳಿದರು. ಕಾಯಿಲೆ ಕಡಿಮೆಯಾಗಲಿಲ್ಲ. ಟಿವಿಯಲ್ಲಿ ತೋರಿಸುವ "ನೆನಪಿನ ಶಕ್ತಿ" ಡಬ್ಬಿಗಳಿಗೆ ಪೆನ್ಶನ್ ದುಡ್ಡು ಹಾಕಬೇಡಿ.

ನಮ್ಮ ತಾಟೇ ಛಲೋ ಇದೆ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ, ಮೆಂತೆಪಲ್ಯ, ಹಸಿ ಸೌತೆಕಾಯಿ, ಅಗಸಿ ಚಟ್ನಿ, ಶೇಂಗಾ ಚಟ್ನಿ, ಮೊಸರು. ಅಗಸಿಯಲ್ಲಿ ಒಮೆಗಾ-3 ಬಗೆಯ ಕೊಬ್ಬು ಇದೆ. ಕೆಡುವುದು ಆಮೇಲೆ ಸೇರಿಸುವುದರಿಂದ: ಉಪ್ಪಿನಕಾಯಿ, ಸಂಡಿಗೆ, ದಿನಾ ಸಂಜೆ ಮಿರ್ಚಿ ಭಜಿ, ದಿನಕ್ಕೆ ಐದಾರು ಸಲ ಸಕ್ಕರೆ ಚಹಾ. ಹಬ್ಬದಲ್ಲಿ ಹೋಳಿಗೆ ಉಣ್ಣಿ. ದಿನಾ ಬೇಡ.

ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಕಡಿಮೆಯಾಗುವುದು ಸಾಮಾನ್ಯ. ಹಾಲು ಮೊಸರಿನಿಂದ ಸ್ವಲ್ಪ ಸಿಗುತ್ತದೆ, ವಯಸ್ಸಾದ ಹೊಟ್ಟೆ ಅದನ್ನೂ ಪೂರ್ತಿ ಹೀರಿಕೊಳ್ಳುವುದಿಲ್ಲ. ಕಾಲು ಜೋಮು, ಸುಸ್ತು, ಮರೆವು ಮೂರೂ ಇದ್ದರೆ ರಕ್ತ ಪರೀಕ್ಷೆ ಕೇಳಿ. ಕಡಿಮೆ ಇದ್ದರೆ ಗುಳಿಗೆಯೋ ಸೂಜಿಯೋ ಕೊಡುತ್ತಾರೆ. ಬೇಗ ಹಿಡಿದಷ್ಟೂ ಚೆನ್ನಾಗಿ ಸುಧಾರಿಸುತ್ತದೆ.

ತಂಬಾಕ ಬಾಯಾಗ ಇದ್ರ ತಲಿ ಚುರುಕ್ ಇರ್ತದ ಅಂತಾರ. ಖರೆ ಏನು?

ಇಲ್ಲ. ಚಟ ಇದ್ದವರಿಗೆ ತಂಬಾಕು ಸಿಗದಾಗ ತಲೆ ಮಂಕಾಗುತ್ತದೆ, ಸಿಕ್ಕಾಗ ಆ ಮಂಕು ಇಳಿಯುತ್ತದೆ. ಅದನ್ನೇ ಚುರುಕು ಅಂದುಕೊಳ್ಳುತ್ತಾರೆ. ಬೀಡಿ ಸಿಗರೇಟು ಸೇದುವವರಿಗೆ ಡಿಮೆನ್ಶಿಯಾ ಅಪಾಯ ಹೆಚ್ಚು, ಬಿಟ್ಟ ಮೇಲೆ ಅಪಾಯ ಇಳಿಯುತ್ತದೆ. ಬಾಯಲ್ಲಿಡುವ ತಂಬಾಕು, ಗುಟಕಾದಿಂದ ಬಾಯಿ ಕ್ಯಾನ್ಸರ್ ಬರುತ್ತದೆ. ಎಪ್ಪತ್ತರಲ್ಲಿ ಬಿಟ್ಟರೂ ಲಾಭವೇ.

ದಿನಾ ಸುಡೋಕು ಬಿಡಿಸ್ತೀನಿ. ಅಷ್ಟು ಸಾಕಲ್ವಾ?

ಸುಡೋಕು ಬಿಡಿಸಿದರೆ ಸುಡೋಕು ಚೆನ್ನಾಗಿ ಬರುತ್ತದೆ. ಅದರ ಲಾಭ ಬೇರೆ ಕೆಲಸಕ್ಕೆ ಅಷ್ಟಾಗಿ ಹರಿಯುವುದಿಲ್ಲ. ಖುಷಿ ಇದ್ದರೆ ಬಿಡಬೇಡಿ, ಅದೊಂದನ್ನೇ ನಂಬಿ ಕೂರಬೇಡಿ.

ಮೆದುಳಿಗೆ ಬೇಕಾದದ್ದು ಹೊಸದು, ಸ್ವಲ್ಪ ಕಷ್ಟದ್ದು, ಆದಷ್ಟು ಇನ್ನೊಬ್ಬರ ಜೊತೆ ಮಾಡುವಂಥದ್ದು. ಮನೆ ಹತ್ತಿರದ ಗುಡಿಯ ಭಜನಾ ಮಂಡಳಿಗೆ ಸೇರಿ ಇದುವರೆಗೆ ಹಾಡದ ತತ್ವಪದ ಕಲಿಯುವುದನ್ನೇ ನೋಡಿ. ಸಾಲು ನೆನಪಿಡಬೇಕು, ತಾಳ ಹಿಡಿಯಬೇಕು, ಪಕ್ಕದವರ ದನಿ ಕೇಳಬೇಕು, ಅರ್ಥ ಬಿಡಿಸಬೇಕು. ಇಷ್ಟೆಲ್ಲಾ ಒಂದೇ ಗಂಟೆಯಲ್ಲಿ. ಮೊಮ್ಮಕ್ಕಳಿಂದ ಮೊಬೈಲಿನಲ್ಲಿ ದುಡ್ಡು ಕಳಿಸುವುದನ್ನು ಕಲಿಯುವುದೂ ಅಂಥದ್ದೇ.

ಜೀವನ ಪೂರ್ತಿ ಕಲಿತದ್ದು, ಓದಿದ್ದು, ದುಡಿದದ್ದು ಮೆದುಳಿನಲ್ಲಿ ಒಂದು ದಾಸ್ತಾನು ಆಗುತ್ತದೆ. ನಮ್ಮ ಹಿರಿಯರು ಬರಗಾಲಕ್ಕೆ ಅಂತ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದರಲ್ಲ, ಹಾಗೆ. ಕಾಯಿಲೆ ಒಳಗೆ ಬಂದರೂ ದಾಸ್ತಾನು ಇದ್ದವರಲ್ಲಿ ಅದು ಹೊರಗೆ ಕಾಣುವುದು ತಡವಾಗುತ್ತದೆ.

ಮನ್ಯಾಗ ಕನ್ನಡ, ಬಜಾರದಾಗ ಉರ್ದು, ಬೀಗರ ಜೋಡಿ ಮರಾಠಿ. ಇಷ್ಟು ಭಾಷಾ ತಲ್ಯಾಗ ಇದ್ರ ಗೊಂದಲ ಆಗಂಗಿಲ್ಲೇನು?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಉತ್ತರ ನಮ್ಮ ಪಕ್ಕದ ಹೈದರಾಬಾದಿನಲ್ಲೇ ಸಿಕ್ಕಿದೆ. ನಿಜಾಮ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. 2013ರಲ್ಲಿ ಇದು ಪ್ರಕಟವಾಯಿತು. ಶಾಲೆ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸ ಇತ್ತು ಅನ್ನುವುದೇ ದೊಡ್ಡ ಸಂಗತಿ. ತೆಲುಗು, ಹಿಂದಿ, ದಖ್ಖನಿ ಬೆರೆಸಿ ಬದುಕುವ ಆ ಊರಿಗೂ ನಮ್ಮ ಊರಿಗೂ ಎಷ್ಟು ಹತ್ತಿರ ನೋಡಿ. ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಇನ್ನೂ ಲಾಭ ಅಂತ ಆ ಅಧ್ಯಯನದಲ್ಲಿ ಕಾಣಲಿಲ್ಲ. ಭಾಷೆ ಬಂದರೆ ಕಾಯಿಲೆಯೇ ಬರುವುದಿಲ್ಲ ಅಂತಲೂ ಅಲ್ಲ.

ಯಾರ ಜೊತೆ ಯಾವ ಭಾಷೆ ಅಂತ ಮೆದುಳು ಕ್ಷಣಕ್ಷಣಕ್ಕೂ ಆರಿಸಬೇಕು, ಇನ್ನೊಂದನ್ನು ತಡೆದಿಡಬೇಕು. ಈ ವ್ಯಾಯಾಮವೇ ಕಾರಣ ಇರಬಹುದು ಅನ್ನುತ್ತಾರೆ. ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ಅಜ್ಜಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕೈಗೆ ಒಂದು ಉರ್ದು ಪೇಪರ್ ಕೊಡಿ, ಓದಿಸಿ ಕೇಳಿ.

ರಾತ್ರಿ ನಿದ್ದಿ ಬರಂಗಿಲ್ಲ. ಅದಕ್ಕೂ ಮರೆವಿಗೂ ಸಂಬಂಧ ಅದ ಏನು?

ಇದೆ. ಹಗಲು ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಮುಗಿಸಿ, ಸಂಜೆ ಮೇಲೆ ಚಹಾ ಬಿಡಿ, ಏಳುವ ಹೊತ್ತು ದಿನಾ ಒಂದೇ ಇರಲಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುವವರು ವೈದ್ಯರಿಗೆ ಹೇಳಲೇಬೇಕು. ನಿದ್ದೆ ಗುಳಿಗೆಯನ್ನು ಮಾತ್ರ ನೀವಾಗಿಯೇ ಶುರು ಮಾಡಬೇಡಿ.

ಅಪ್ಪಾರಿಗೆ ಹೇಳಿದ್ದು ಐದು ನಿಮಿಷದಾಗ ಮರೀತಾರ. ಮರೆವೋ, ಕಿವಿ ಕೇಳಂಗಿಲ್ಲೋ ತಿಳೀವಲ್ದು.

ಮೊದಲು ಕಿವಿ ನೋಡಿಸಿ. ಕೇಳಿಸದ ಮಾತು ನೆನಪಿನಲ್ಲಿ ಉಳಿಯುವುದು ಹೇಗೆ? ಮನೆಯಲ್ಲಿ ಒಂದು ಸಂಜೆ ಗಮನಿಸಿ. ಟಿವಿ ದನಿ ಓಣಿಗೆಲ್ಲಾ ಕೇಳುವಷ್ಟಿದೆಯಾ? ಸೊಸೆ ಅಡಿಗೆ ಮನೆಯಿಂದ ಹೇಳಿದ್ದಕ್ಕೆ ಸುಮ್ನೆ "ಹೂಂ" ಅನ್ನುತ್ತಾರಾ? ಎದುರಿಗೆ ಕೂತು ಮುಖ ನೋಡಿ ಹೇಳಿದ್ದು ಮಾತ್ರ ನೆನಪಿರುತ್ತದಾ? ಮದುವೆ ಮನೆಯ ಗದ್ದಲದಲ್ಲಿ ಒಂದು ಮೂಲೆಗೆ ಸರಿಯುತ್ತಾರಾ? ಹೌದಾದರೆ ತೊಂದರೆ ಕಿವಿಯದ್ದೇ ಇರಬಹುದು. ಬರೀ ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಒಂದು ಭೇಟಿಯಲ್ಲೇ ಸರಿ ಹೋಗುತ್ತದೆ.

ಕಿವುಡನ್ನು ಸರಿ ಮಾಡಿಸದೆ ಹಾಗೇ ಬಿಟ್ಟರೆ ಮೆದುಳಿಗೂ ಪೆಟ್ಟು. ಮಾತು ಹಿಡಿಯುವುದಕ್ಕೇ ಅದರ ಶಕ್ತಿ ಖರ್ಚಾಗುತ್ತದೆ, ಮನುಷ್ಯ ಮಾತು ಬಿಟ್ಟು ಒಂಟಿಯಾಗುತ್ತಾನೆ. 2023ರಲ್ಲಿ ಅಮೆರಿಕದಲ್ಲಿ 70 ದಾಟಿದ ಸುಮಾರು ಸಾವಿರ ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಎಲ್ಲರನ್ನೂ ಸೇರಿಸಿ ನೋಡಿದಾಗ ಕಿವಿ ಯಂತ್ರದಿಂದ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹೃದಯ, ರಕ್ತನಾಳದ ತೊಂದರೆಯಂಥ ಅಪಾಯಗಳು ಹೆಚ್ಚಿದ್ದವರಲ್ಲಿ ಮಾತ್ರ ಮೂರು ವರ್ಷದಲ್ಲಿ ಬುದ್ಧಿ ಕುಗ್ಗುವ ವೇಗ ಅರ್ಧದ ಹತ್ತಿರ ಇಳಿಯಿತು. ಬಿಪಿ, ಶುಗರ್ ಎರಡೂ ಇರುವ ನಮ್ಮ ಎಷ್ಟೋ ಹಿರಿಯರು ಈ ಗುಂಪಿನವರೇ.

ಯಂತ್ರ ಹಾಕಿದ ಮೊದಲ ವಾರ ಪಾತ್ರೆ ಸದ್ದು, ಫ್ಯಾನ್ ಸದ್ದು ಎಲ್ಲಾ ತಲೆಗೆ ಬಡಿಯುತ್ತದೆ. ಬಹಳ ಮಂದಿ ಆಗಲೇ ತೆಗೆದು ಡಬ್ಬಿಗೆ ಹಾಕುತ್ತಾರೆ. ದಿನಕ್ಕೆ ಒಂದು ಗಂಟೆ, ಆಮೇಲೆ ಎರಡು, ಹೀಗೆ ರೂಢಿ ಮಾಡಿಸಿ. ಮತ್ತೆ ಹೋಗಿ ಹೊಂದಿಸಿಕೊಂಡು ಬನ್ನಿ. ಕಣ್ಣಿನ ಪೊರೆಯನ್ನೂ "ಇನ್ನೊಂದು ವರ್ಷ ಹೋಗ್ಲಿ" ಅಂತ ಮುಂದೂಡಬೇಡಿ.

## ನೆನಪಿಡುವ ಉಪಾಯಗಳು

ಹೊಸ ಮಂದಿ ಹೆಸರು, ವಚನದ ಸಾಲು ತಲ್ಯಾಗ ನಿಲ್ಲಬೇಕಂದ್ರ ಏನರ ಉಪಾಯ ಅದ ಏನು?

ಇದೆ, ಎಲ್ಲಾ ವಯಸ್ಸಿಗೂ ಒಂದೇ. ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ತಲೆಯಿಂದ ತೆಗೆಯಲು ನೋಡಿ. ತಡಕಾಡಿ ತೆಗೆದದ್ದು ಗಟ್ಟಿಯಾಗುತ್ತದೆ. ಇನ್ನೊಂದು, ನಡುವೆ ಅಂತರ ಕೊಡಿ. ಕಲಿತದ್ದು ಮೊದಲ ದಿನವೇ ಬಹಳಷ್ಟು ಜಾರುತ್ತದೆ, ಆಮೇಲೆ ನಿಧಾನವಾಗಿ ಜಾರುತ್ತದೆ ಅಂತ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ 1885ರಲ್ಲೇ ತೋರಿಸಿದ್ದ. ಹಾಗಾಗಿ ಇವತ್ತು ಒಂದು ವಚನ ಕಲಿತರೆ ಸಂಜೆ ಒಮ್ಮೆ, ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ನೋಡದೆ ಹೇಳಿ.

ಹೆಸರಿಗೆ: ಕೇಳಿದ ಕೂಡಲೇ ಬಾಯಿಬಿಟ್ಟು ಹೇಳಿ, ಯಾವುದಾದರೂ ಗೊತ್ತಿರುವುದಕ್ಕೆ ಗಂಟು ಹಾಕಿ. "ಮಲ್ಲಣ್ಣ, ಸೇಡಂನವರು, ನಮ್ಮ ಮಾವನ ಹಾಗೆ ಮೀಸೆ" ಅಂತ. ಹೊರಡುವಾಗ ಮತ್ತೆ ಹೆಸರು ಹಿಡಿದು "ಬರ್ತೀನ್ರಿ ಮಲ್ಲಣ್ಣಾ" ಅನ್ನಿ.

ಗುಳಿಗಿ ನುಂಗೀನೋ ಇಲ್ಲೋ ನೆನಪೇ ಇರಂಗಿಲ್ಲ.

ಇದನ್ನು ನೆನಪಿನ ಮೇಲೆ ಬಿಡಲೇಬೇಡಿ. ವಾರದ ಏಳು ದಿನದ ಖಾನೆ ಇರುವ ಗುಳಿಗೆ ಡಬ್ಬಿ ತನ್ನಿ, ಭಾನುವಾರ ಯಾರಾದರೂ ತುಂಬಿಡಲಿ. ಖಾನೆ ಖಾಲಿ ಇದ್ದರೆ ನುಂಗಿದ್ದೀರಿ. ಮುಂಜಾನೆ ಚಹಾ ಕಪ್ಪಿನ ಪಕ್ಕದಲ್ಲೇ ಡಬ್ಬಿ ಇರಲಿ. ಚಾವಿಗೆ ಬಾಗಿಲ ಹಿಂದೆ ಒಂದು ಮೊಳೆ, ಚಸ್ಮಾಕ್ಕೆ ಒಂದು ಜಾಗ. ಬರೆದಿಟ್ಟರೆ ನೆನಪಿನ ಶಕ್ತಿ ಹೋಗುತ್ತದೆ ಅನ್ನುವುದು ಸುಳ್ಳು.

## ದವಾಖಾನಿಗೆ ಹೋಗುವಾಗ

ಗುಳಿಗಿಯಿಂದಲೂ ಮರೆವು ಬರ್ತದ ಅಂತಾರ. ಖರೆ ಏನ್ರಿ?

ಖರೆ. ಮನೆಯ ಗುಳಿಗೆ ಚೀಲವನ್ನು ಒಮ್ಮೆ ಮಂಚದ ಮೇಲೆ ಸುರಿದು ನೋಡಿ. ಅರ್ಧ ಹರಿದ ಪಟ್ಟಿಗಳು, ಮೂರು ವೈದ್ಯರು ಬರೆದದ್ದು, ಮೆಡಿಕಲ್‌ನಿಂದ ಕೇಳಿ ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು ಎಲ್ಲಾ ಇರುತ್ತದೆ. ಅದರಲ್ಲಿ ನಾನು ಮೊದಲು ಹುಡುಕುವುದು ಇವನ್ನು.

ನೆಗಡಿ, ಕೆರೆತಕ್ಕೆ ಕೊಡುವ ಹಳೇ ಬಗೆಯ ಅಲರ್ಜಿ ಗುಳಿಗೆ. ಕ್ಲೋರ್‌ಫೆನಿರಮಿನ್, ಫೆನಿರಮಿನ್ ಅಂಥವು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನೇ ಇವು ತಡೆಯುತ್ತವೆ. ವಯಸ್ಸಾದವರು ದಿನಾ ನುಂಗಿದರೆ ಮಂಕು, ಗೊಂದಲ. ಆಮೇಲೆ ಆಲ್ಪ್ರಜೋಲಮ್‌ನಂಥ ನಿದ್ದೆ, ಆತಂಕದ ಗುಳಿಗೆ. ಹೊಸದನ್ನು ನೆನಪಿಡುವುದಕ್ಕೂ ಅಡ್ಡಿ, ರಾತ್ರಿ ಎದ್ದಾಗ ಬೀಳುವ ಭಯವೂ ಇದೆ. ವರ್ಷಗಟ್ಟಲೆ ನುಂಗಿದವರು ಒಮ್ಮೆಗೇ ನಿಲ್ಲಿಸಿದರೆ ಅಪಾಯ. ವೈದ್ಯರ ಕಣ್ಣಳತೆಯಲ್ಲೇ ನಿಧಾನವಾಗಿ ಇಳಿಸಬೇಕು.

ಮೂರನೆಯದು ಯಾರಿಗೂ ಅನುಮಾನ ಬಾರದ ಜೋಡಿ: ಶುಗರ್‌ನ ಮೆಟ್‌ಫಾರ್ಮಿನ್ ಮತ್ತು ಗ್ಯಾಸ್ ಗುಳಿಗೆ. ಎರಡೂ ಬಹಳ ವರ್ಷ ನಡೆದರೆ ಬಿ12 ಇಳಿಯುತ್ತದೆ. ಮೆಟ್‌ಫಾರ್ಮಿನ್ ಒಳ್ಳೆಯ ಔಷಧ, ನಿಲ್ಲಿಸಬೇಡಿ, ಬಿ12 ಪರೀಕ್ಷೆ ಮಾಡಿಸುತ್ತಾ ಇರಿ. ಗ್ಯಾಸ್ ಗುಳಿಗೆ ಇನ್ನೂ ಬೇಕಾ ಅಂತ ಕೇಳಿ. ಶುಗರ್ ಪೂರ್ತಿ ಇಳಿದು ತಲೆ ತಿರುಗುವುದೂ ಮೆದುಳಿಗೆ ಕೆಟ್ಟದ್ದೇ. ಎಂಬತ್ತರ ಅಜ್ಜಿಗೆ ನಲವತ್ತರವರಷ್ಟು ಬಿಗಿಯಾದ ಹತೋಟಿ ಬೇಕಿಲ್ಲದಿರಬಹುದು.

ಮುಂದಿನ ಸಲ ಚೀಟಿ ಮಾತ್ರ ಒಯ್ಯಬೇಡಿ. ಇಡೀ ಚೀಲ ಒಯ್ಯಿರಿ.

ನಿನ್ನಿ ತನಕ ಛಲೋ ಇದ್ರು. ಒಮ್ಮಿಂದೊಮ್ಮೆಲೆ ಏನೇನರ ಮಾತಾಡ್ಲಿಕತ್ಯಾರ.

ಇದು ಮರೆವಿನ ಕಾಯಿಲೆ ಬರುವ ರೀತಿ ಅಲ್ಲ. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬಂದ ಗೊಂದಲಕ್ಕೆ ದೇಹದಲ್ಲಿ ಏನೋ ಕಾರಣ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ನೀರು ಕಡಿಮೆಯಾಗಿ, ಸೋಡಿಯಂ ಇಳಿದು ಹೀಗಾಗುವುದು ಸಾಮಾನ್ಯ. ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ಶುಗರ್ ಏರುಪೇರು, ಹೊಸ ಗುಳಿಗೆ, ಇವೂ ಕಾರಣ. ಕೆಲವು ವಾರದ ಹಿಂದೆ ಬಿದ್ದಿದ್ದರೆ ತಲೆಯೊಳಗೆ ನಿಧಾನವಾಗಿ ರಕ್ತ ಸೇರಿರಬಹುದು. ಅವತ್ತೇ ದವಾಖಾನಿಗೆ ಕರೆದೊಯ್ಯಿರಿ. ಮುಖ ಓರೆ, ಕೈ ಸೋತಿರುವುದು, ಮಾತು ತೊದಲುವುದು ಇದ್ದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ.

ಅಪ್ಪ ತೀರಿಕೊಂಡ ಮ್ಯಾಲ ಅವ್ವ ಸುಮ್ಮ ಕುಂದ್ರತಾಳ. ಏನ್ ಕೇಳಿದ್ರೂ "ನಂಗೊತ್ತಿಲ್ಲ" ಅಂತಾಳ. ಮರೆವು ಶುರು ಆಗ್ಯದೇನು?

ಖಿನ್ನತೆ ಇರಬಹುದು. ಹಿರಿಯರಲ್ಲಿ ಅದು ಅಳುವಾಗಿ ಬರುವುದಕ್ಕಿಂತ ಮೌನವಾಗಿ, ಹಸಿವೆ ಹೋಗಿ, ನಸುಕಿನಲ್ಲೇ ಎಚ್ಚರವಾಗಿ ಬರುತ್ತದೆ. ಮರೆವಿನ ಕಾಯಿಲೆ ಇದ್ದವರು ಸಾಮಾನ್ಯವಾಗಿ ಏನಾದರೂ ಉತ್ತರ ಕಟ್ಟಿ ಹೇಳುತ್ತಾರೆ. ಖಿನ್ನತೆ ಇದ್ದವರು ಪ್ರಯತ್ನವನ್ನೇ ಬಿಡುತ್ತಾರೆ. ಚಿಕಿತ್ಸೆ ಕೊಟ್ಟರೆ ಬಹಳ ಸಲ ನೆನಪೂ ಮರಳುತ್ತದೆ. "ಮನಸ್ಸು ಗಟ್ಟಿ ಮಾಡ್ಕೋ" ಅಂದರೆ ಸಾಲದು, ವೈದ್ಯರಿಗೆ ತೋರಿಸಿ. ಮನೆಯಲ್ಲಿ ಅವ್ವನಿಗೆ ಒಂದು ಕೆಲಸದ ಜವಾಬ್ದಾರಿಯನ್ನು ಮರಳಿ ಕೊಡಿ. ತೊಗರಿ ಆರಿಸುವುದೇ ಇರಲಿ, ಶರಣಬಸವೇಶ್ವರರ ಜಾತ್ರೆಗೆ ಬರುವ ಬೀಗರ ಅಡಿಗೆ ಏನು ಅಂತ ಹೇಳುವುದೇ ಇರಲಿ.

ಎಲ್ಲಿಗಿ ಹೋಗಬೇಕು? ಏನೇನ್ ಪರೀಕ್ಷಾ ಮಾಡ್ತಾರ?

ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಈ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಂದ ಶುರು ಮಾಡಬಹುದು. ಮೆಡಿಸಿನ್ ಅಥವಾ ಮಾನಸಿಕ ವಿಭಾಗಕ್ಕೆ ಹೋಗಿ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಮಾಡಿದ ಮೆದುಳಿನ ಆರೋಗ್ಯದ ಯೋಜನೆಯ ಕ್ಲಿನಿಕ್ ಎಲ್ಲಿದೆ ಅಂತಲೂ ವಿಚಾರಿಸಿ.

ದಿನಾ ಜೊತೆಗಿರುವವರೇ ಹೋಗಬೇಕು. ಯಾವಾಗ ಶುರುವಾಯಿತು, ಏನೇನು ಬದಲಾಯಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವೈದ್ಯರು ಕನ್ನಡದಲ್ಲೇ ಕೆಲವು ಪ್ರಶ್ನೆ ಕೇಳುತ್ತಾರೆ: ಇವತ್ತು ಯಾವ ವಾರ, ಈ ಮೂರು ಪದ ನೆನಪಿಡಿ, ನೂರರಲ್ಲಿ ಏಳು ಕಳೆಯಿರಿ. ಓದು ಬರಹ ಬಾರದವರಿಗೆ ಬೇರೆ ಪ್ರಶ್ನೆಗಳು ಇರುತ್ತವೆ, ಅದನ್ನು ಮೊದಲೇ ಹೇಳಿಬಿಡಿ. ಆಮೇಲೆ ಬಿ12, ಥೈರಾಯ್ಡ್, ಶುಗರ್, ಸೋಡಿಯಂ, ಕಿಡ್ನಿ, ಲಿವರ್ ಪರೀಕ್ಷೆ. ಬೇಕಾದರೆ ಸಿಟಿ ಅಥವಾ ಎಂಆರ್‌ಐ. ಮರೆವಿನ ಜೊತೆ ನಡಿಗೆ ಕೆಟ್ಟು, ಮೂತ್ರ ತಡೆಯಲು ಆಗುತ್ತಿಲ್ಲವಾದರೆ ಮುಚ್ಚುಮರೆ ಇಲ್ಲದೆ ಹೇಳಿ. ಮೆದುಳಿನಲ್ಲಿ ನೀರು ತುಂಬುವ ಒಂದು ತೊಂದರೆ ಹೀಗೆ ಕಾಣಿಸುತ್ತದೆ, ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಗುಣ ಸಿಗುತ್ತದೆ.

ಆಲ್ಜೈಮರ್‌ಗ ಹೊಸ ಔಷಧ ಬಂದದ ಅಂತ. ಪೂರಾ ಗುಣ ಆಗ್ತದೇನು?

ಪೂರ್ತಿ ಗುಣ ಮಾಡುವ ಔಷಧ ಇಲ್ಲ. 1996ರಿಂದ ಬಳಕೆಯಲ್ಲಿರುವ ಡೊನೆಪೆಜಿಲ್ ಕೆಲವರಿಗೆ ಸ್ವಲ್ಪ ಕಾಲ ಸ್ವಲ್ಪ ಅನುಕೂಲ ಮಾಡುತ್ತದೆ. ಕಾಯಿಲೆ ಒಳಗೆ ಮುಂದುವರಿಯುತ್ತದೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್, ಮೆದುಳಿನಲ್ಲಿ ಸೇರುವ ಅಮಿಲಾಯ್ಡ್ ಎಂಬ ಪದಾರ್ಥವನ್ನು ತೆಗೆಯುತ್ತದೆ. ಶುರುವಿನ ಹಂತದವರಲ್ಲಿ ಕಾಯಿಲೆಯ ವೇಗ ಒಂದೂವರೆ ವರ್ಷದಲ್ಲಿ ನೂರಕ್ಕೆ 27ರಷ್ಟು ಕಡಿಮೆಯಾಯಿತು. ಮೆದುಳು ಊದುವ, ರಕ್ತ ಸೋರುವ ಅಪಾಯ ಇದೆ. ಪದೇ ಪದೇ ಎಂಆರ್‌ಐ ಬೇಕು, ಖರ್ಚೂ ಬಹಳ. ಇದಕ್ಕಾಗಿ ಹೊಲ ಮಾರುವ ಯೋಚನೆ ಬರುವ ಮೊದಲು ನರರೋಗ ತಜ್ಞರ ಜೊತೆ ಕೂತು ಮಾತಾಡಿ.

## ಕಾಯಿಲೆ ಅಂತ ಗೊತ್ತಾದ ಮೇಲೆ

ಹೊಲ, ಬ್ಯಾಂಕಿನ ವ್ಯವಹಾರ ಏನ್ ಮಾಡಬೇಕು?

ಅವರಿಗೆ ತಿಳಿವಳಿಕೆ ಇರುವಾಗಲೇ, ಅವರನ್ನು ಕೂರಿಸಿಕೊಂಡೇ ಮಾಡಿ. ಖಾತೆಗೆ ನಾಮಿನಿ, ಪಹಣಿ ಪತ್ರಗಳು ಎಲ್ಲಿವೆ, ಮೃತ್ಯುಪತ್ರ. ಸ್ವಸ್ಥ ಬುದ್ಧಿಯಲ್ಲಿ ಬರೆದ ಮೃತ್ಯುಪತ್ರಕ್ಕಷ್ಟೇ ಬೆಲೆ. ಎಟಿಎಂ ಪಿನ್, ಓಟಿಪಿ ಯಾರು ಕೇಳಿದರೂ ಕೊಡದಂತೆ ಫೋನ್ ಪಕ್ಕದಲ್ಲೇ ದೊಡ್ಡದಾಗಿ ಬರೆದು ಅಂಟಿಸಿ.

ಅಜ್ಜ ಹೇಳದೆ ಕೇಳದೆ ಮನಿ ಬಿಟ್ಟು ಹೋಗ್ತಾರ. ಏನ್ ಮಾಡೋಣ್ರಿ?

ಅವರ ಅಂಗಿ ಕಿಸೆಯಲ್ಲಿ, ಧೋತರ ಉಡುವವರಾದರೆ ಕೊರಳ ದಾರದಲ್ಲಿ, ಮನೆಯ ಎರಡು ಫೋನ್ ನಂಬರ್ ಬರೆದ ಚೀಟಿ ಇರಲಿ. ಇತ್ತೀಚಿನ ಫೋಟೋ ನಿಮ್ಮ ಮೊಬೈಲಿನಲ್ಲಿ ಇರಲಿ. ಓಣಿಯ ಕಿರಾಣಿ ಅಂಗಡಿಯವರಿಗೆ, ಆಟೋದವರಿಗೆ ಮುಚ್ಚಿಡದೆ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟ ಮನೆಗಳಲ್ಲೇ ಹುಡುಕಾಟ ತಡವಾಗುತ್ತದೆ. ಬಾಗಿಲ ಚಿಲಕವನ್ನು ಎಂದಿನ ಎತ್ತರಕ್ಕಿಂತ ಮೇಲೆ ಹಾಕಿಸಿ.

ಕಾಣೆಯಾದರೆ ಹಳೇ ಜಾಗಗಳನ್ನು ಮೊದಲು ನೋಡಿ. ಊರಿನ ಹಳೇ ಬಟ್ಟೆ ಗಿರಣಿ ಎಂ.ಎಸ್.ಕೆ. ಮಿಲ್‌ನಲ್ಲಿ ದುಡಿದವರು ಮಿಲ್ ಮುಚ್ಚಿ ಎಷ್ಟೋ ಕಾಲವಾದರೂ ಪಾಳಿಗೆ ಹೊತ್ತಾಯಿತು ಅಂತ ಆ ಕಡೆಗೇ ಹೊರಡಬಹುದು. ಹುಟ್ಟಿದ ಊರಿನ ಬಸ್ ನಿಲ್ಲುವ ಕಡೆಯೂ ವಿಚಾರಿಸಿ. ಅರ್ಧ ಗಂಟೆಯಲ್ಲಿ ಸಿಗದಿದ್ದರೆ 112ಕ್ಕೆ ಫೋನ್ ಮಾಡಿ. ಬಿಸಿಲಿನ ದಿನಗಳಲ್ಲಿ ಅಷ್ಟೂ ಕಾಯಬೇಡಿ.

ನೋಡ್ಕೊಂಡು ನೋಡ್ಕೊಂಡು ನನಗೇ ಸಾಕಾಗ್ಯದ. ಯಾರಿಗಿ ಹೇಳ್ಲಿ?

ಬಹುಪಾಲು ಈ ಪ್ರಶ್ನೆ ಕೇಳುವವರು ಸೊಸೆಯಂದಿರು, ಹೆಣ್ಣುಮಕ್ಕಳು. ಕೇಳುವಾಗ ತಪ್ಪು ಮಾಡಿದವರ ಹಾಗೆ ದನಿ ತಗ್ಗಿಸುತ್ತಾರೆ. ತಪ್ಪೇನೂ ಇಲ್ಲ ತಂಗಿ. ಇಪ್ಪತ್ನಾಲ್ಕು ಗಂಟೆ ಒಬ್ಬರೇ ನೋಡಿಕೊಳ್ಳುವ ಕೆಲಸವೇ ಇದಲ್ಲ. ಅಣ್ಣ ತಮ್ಮಂದಿರು ಕೂತು ಪಾಳಿ ಹಂಚಿಕೊಳ್ಳಬೇಕು. ವಾರಕ್ಕೆ ಒಂದು ಪೂರ್ತಿ ಮಧ್ಯಾಹ್ನ ನಿಮ್ಮದೇ ಆಗಿರಲಿ, ದುಡ್ಡು ಕಳಿಸುವ ಮಗನೂ ಬಂದು ಒಂದು ದಿನ ಇದ್ದು ನೋಡಲಿ. ಮಾತಿಗೆ ಎದುರಾಡಿ ಅವರ ತಪ್ಪು ತಿದ್ದಲು ಹೋಗಬೇಡಿ, ಇಬ್ಬರಿಗೂ ಸುಸ್ತು. "ನಾನು ಊರಿಗೆ ಹೋಗ್ಬೇಕು" ಅಂದರೆ "ಊರಾಗ ಯಾರ್ ಯಾರ್ ಇದ್ರು?" ಅಂತ ಕೇಳಿ, ಮಾತು ಆ ಕಡೆ ಹರಿಯುತ್ತದೆ.

ಮನಸ್ಸಿಗೆ ಭಾರವಾದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಪೆನ್ಶನ್, ಆಶ್ರಯ, ಕಾನೂನಿನ ವಿಷಯಕ್ಕೆ ಎಲ್ಡರ್‌ಲೈನ್ 14567 ಇದೆ.